ಏಳು ನಿಮಿಷ

ಅಣ್ಣಿಗೇರಿ ದಾಟಿ, ಹುಲಕೋಟಿ ಬರೂದಕ್ಕ ಮೊದಲ
ಎರಿಹೊಲದ ನಡುವ ಒಂದು ಗೇಟು.
ಅದರ ಕೀಲಿ ನನ್ನ ಸೊಂಟದಾಗ.
ಎರಡು ಬಾವುಟ, ಒಂದು ಕೈದೀಪ,
ಡಬ್ಬಿಯೊಳಗ ಹತ್ತು ಪಟಾಕಿ, ಹಬ್ಬದವಲ್ಲ,
ಹಳಿ ಮ್ಯಾಲ ಇಟ್ಟರ ಗಾಲಿಯಡಿ ಸಿಡಿದು
ಡ್ರೈವರನ್ನ ಎಚ್ಚರಿಸೂವಂಥವು.

ಹೊಂಬಳ ಮಾಸ್ತರು ದಿನಾ ಸಿಗತಾರ ನನಗ,
ಅಂದ್ರ ನನ್ನ ಗೇಟಿಗೆ ಸಿಗತಾರ.
ಆವತ್ತ ಮಾಲಗಾಡಿ, ಐವತ್ತೆಂಟು ಡಬ್ಬಿ ಅದಿರು,
ಮುಗಿಯವಲ್ದು.
ಸ್ಕೂಟರ್ ಬಂದ್ ಮಾಡಿ ಕೇಳಿದ್ರು:
"ಹಜರತಬಿ, ಗೇಟ್ ಎಷ್ಟೊತ್ತು ಹಾಕಿರತಿ?"
"ಏಳು ನಿಮಿಷ ಸರ್, ಹೆಚ್ಚುಕಡಿಮಿ."
ಸುಮ್ಮನಾದ್ರು. ಆಮ್ಯಾಲ ನಕ್ಕರು.
"ಭೂಮಿನೂ ಅಷ್ಟ ನೋಡವಾ.
ತನ್ನ ಮೈಯಷ್ಟು ಜಾಗಾ ಬಿಟ್ಟು ತಾ ಮುಂದ ಸರಿಯಾಕ
ಏಳು ನಿಮಿಷ ಬೇಕು ಅದಕ್ಕ."

ಸೂರ್ಯನ ಸುತ್ತ ಒಂದು ಹಳಿ ಐತೆಂತ, ನಮ್ಮದು.
ಆ ಹಳಿ ಹಾಯ್ದು ಹೋಗೂ ಕಲ್ಲು ಸಾವಿರಾರು,
ಕೆಲವು ಗುಡ್ಡದಷ್ಟು, ಕೆಲವು ನನ್ನ ಗೇಟಿನ ಖೋಲಿಯಷ್ಟು.
ಹಾಯೂದು ತಪ್ಪಲ್ಲ.
ನಾವು ಅಲ್ಲಿರೂ ಏಳು ನಿಮಿಷದಾಗ ಹಾಯೂದು ತಪ್ಪು.

ಗೇಟಿಲ್ಲ ಅಲ್ಲಿ.
ಅಣ್ಣಿಗೇರಿಯಿಂದ ಫೋನ್ ಬರಂಗಿಲ್ಲ,
ಯಾರೂ ಗುಟ್ಟಿನ ನಂಬರ್ ಹೇಳಂಗಿಲ್ಲ,
ವಹಿಯೊಳಗ ಬರಕೊಳ್ಳೂವರಿಲ್ಲ.
ಬಾಲಚುಕ್ಕಿಯಂತೂ ಟೈಮಟೇಬಲ್ಲಿನಾಗ ಇಲ್ಲದ ಸ್ಪೆಶಲ್,
ಯಾವ ಊರು ಬಿಟ್ಟೈತೊ, ಯಾವ ಕಾಲಕ್ಕ ಬಿಟ್ಟೈತೊ,
ಹತ್ರ ಬಂದು ದೀಪ ಹೊತ್ತಿದ ಮ್ಯಾಲ ಗೊತ್ತು.

ನನಗ ಚನ್ನವೀರನ ಎಮ್ಮಿ ನೆನಪಾತು.
ಹೋದ ವರ್ಷ, ನಸುಕು, ಮಂಜು.
ಹಳಿ ನಡುವ ನಿಂತು ಮೆಲುಕು ಹಾಕತಿತ್ತು,
ಬೆನ್ನ ಮ್ಯಾಲ ಒಂದು ಬೆಳ್ಳಕ್ಕಿ.
ಕೆಂಪು ದೀಪ ಹಿಡಕೊಂಡು ಓಡಿದೆ.
ಆರನೂರು ಮೀಟರಿಗೆ ಒಂದು ಪಟಾಕಿ,
ಹನ್ನೆರಡನೂರಕ್ಕ ಮೂರು, ಕಾನೂನು ಹಂಗ ಐತಿ.
ನಾ ಒಂದಿಟ್ಟೆ. ಉಳಿದವು ಕೈಯಾಗಿದ್ದಾಗನ ಗಾಡಿ ಬಂತು.
ಎಮ್ಮಿ ಕತ್ತೆತ್ತಿ ಬೆಳಕಿನ ಕಡೆ ನೋಡ್ತು,
ಹೊತ್ತು ಹುಟ್ಟಿತೇನೋ ಅನ್ನೂವಂಗ.
ಬೆಳ್ಳಕ್ಕಿ ಹಾರಿ ಹೋತು.

"ಆರೂವರಿ ಕೋಟಿ ವರ್ಷದ ಹಿಂದ ಒಂದು ಬಿತ್ತು," ಅಂದ್ರು ಮಾಸ್ತರು,
"ಮನಿಯಂಥ ಪ್ರಾಣಿ ಎಲ್ಲಾ ಹೋದವು.
ಅವುಗಳ ಪೈಕಿ ಹಕ್ಕಿಗೋಳು ಅಷ್ಟ ಉಳದವು."
ಅವರಿಗೆ ನಾ ಬೆಳ್ಳಕ್ಕಿ ಸುದ್ದಿ ಹೇಳಿದ್ದಿಲ್ಲ.

"ಹಂಗಾರ ಏನ್ ಮಾಡೂದ್ರಿ?"
"ಹತ್ತಿಪ್ಪತ್ತು ವರ್ಷ ಮೊದಲ ಗೊತ್ತಾದ್ರ
ಸಣ್ಣದೊಂದು ನೂಕು ಸಾಕು.
ಕಲ್ಲು ಒಡೀಬೇಕಂತಿಲ್ಲ. ಏಳು ನಿಮಿಷ ತಡ ಆದ್ರ ಆತು."
"ತಡ ಮಾಡೂದಾ?
ನಮ್ಮ ಇಲಾಖೆಗೆ ಹಚ್ಚರಿ ಸರ್ ಆ ಕೆಲಸ."
ಹಿಂದಿನ ಲಾರಿ ಮ್ಯಾಲ ಕುಂತ ಹಮಾಲರೂ ನಕ್ಕರು.

ಕಡೀ ಡಬ್ಬಿ ಹೋತು.
ಗಾರ್ಡ್ ಹಸಿರು ಬಾವುಟ ತೋರಿಸಿದ, ನಾನೂ ತೋರಿಸಿದೆ.
ಗೇಟ್ ಪೂರಾ ಏಳೂದ್ರೊಳಗ ಬೈಕು ನುಗ್ಗಿದವು.
ಮಾಸ್ತರು ಎಲ್ಲಾರಕಿಂತ ಕಡೀಕ ಹೋದ್ರು.

ಬರೂ ವರ್ಷ ಇಲ್ಲಿ ಅಂಡರ್‌ಪಾಸ್ ಆಗತೈತಿ.
ಗೇಟು ಕಿತ್ತ ಹಾಕತಾರ, ನನ್ನನ್ನ ಎಲ್ಲಿಗೋ ಒಗೀತಾರ.
ಮಳಿಗಾಲಕ್ಕ ಮೊಳಕಾಲ ಮಟ ನೀರು ನಿಲ್ಲೂದೊಂದು ಬಿಟ್ಟರ
ಚೊಲೋನ ಐತಿ.
ಭೂಮಿಗೆ ಅಂಡರ್‌ಪಾಸ್ ತೋಡಾಕ ಯಾರು ಬರತಾರ?

ರಾತ್ರಿ ಪಾಳಿ. ಕಡ್ಲಿ ಹೊಲದ ಹುಳಿ ವಾಸನಿ.
ಗದಗಿನ ಕಡೆ ಒಂದು ಚುಕ್ಕಿ ಜಾರಿತು, ಕಡ್ಡಿ ಗೀರಿದಂಗ.
ಗಡಿಯಾರ ನೋಡಿದೆ: ಎರಡು ಹದಿನೇಳು.
ವಹಿ ತಗದೆ. ಯಾವ ಕಾಲಮಿನಾಗ ಬರೀಬೇಕು ತಿಳೀಲಿಲ್ಲ.
ಅಷ್ಟರಾಗ ಫೋನ್ ಹೊಡಕೊಂಡಿತು.
"ನಲವತ್ತೊಂದು," ಅಂದ್ರು ಅಣ್ಣಿಗೇರಿಯವರು. ಬರಕೊಂಡೆ.
ಯಾವ ಗಾಡಿ ಅಂತ ಎರಡು ಸಲ ಕೇಳಿದೆ.